ನೂರು ಗ್ರಾಂ ಶೇಂಗಾ ಯಾರ ಹೊಟ್ಟೆಗೆ ಹೋಯಿತು?

ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ ಎಂದು ಮೊಬೈಲಿನಲ್ಲಿ ಓದಿಕೊಂಡು ನನ್ನ ಹತ್ತಿರ ಆಹಾರದ ಸಲಹೆಗೆ ಬರುವವರ ಮೇಲೆ ನನಗೇನೂ ತಕರಾರಿಲ್ಲ. ಮಾತು ನಿಜವೇ. ತಕರಾರು ಇರುವುದು ಅದರ ಬೆನ್ನಿಗೇ ಬರುವ ಪ್ರಶ್ನೆಯ ಮೇಲೆ: “ಹಂಗಾದ್ರೆ ನಮ್ಮನೇಲಿ ಮಾಡಿದ ಪ್ರೋಟೀನ್ ಬಾರ್‌ನಾಗೂ ಇಪ್ಪತ್ತೈದು ಐತಲ್ರಿ ಮೇಡಂ?”

ಇಲ್ಲ. ಬಾರ್ ಎಂದರೆ ಎರಡು ಬೆರಳಗಲದ, ಐವತ್ತು ಗ್ರಾಂ ತೂಗುವ ತುಂಡು. ಅದರೊಳಗೆ ಶೇಂಗಾ ಹತ್ತು ಗ್ರಾಂ ಇದ್ದರೆ ಅದರಿಂದ ಬರುವುದು ಎರಡೂವರೆ ಗ್ರಾಂ ಪ್ರೋಟೀನ್. ಮಿಕ್ಕ ನಲವತ್ತು ಗ್ರಾಂ ಏನು ಎಂದು ಕೇಳಿದರೆ ಖರ್ಜೂರ, ಬೆಲ್ಲ, ಕೊಬ್ಬರಿ ಎಣ್ಣೆ, ಚಾಕೊಲೇಟ್ ಎನ್ನುತ್ತಾರೆ. ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಅದಕ್ಕೇ ಬರೆದುಬಿಡೋಣ ಎಂದು ಕೂತಿದ್ದೇನೆ.

ಬಳ್ಳಾರಿಯಲ್ಲಿ ಈಗ ಓವನ್ ಇಲ್ಲದೆ ಮಾಡುವ ವೀಗನ್, ಅಂದರೆ ಹಾಲು-ತುಪ್ಪದಂಥ ಪ್ರಾಣಿಜನ್ಯ ವಸ್ತು ಏನೂ ಹಾಕದ, ಚಾಕೊಲೇಟ್ ಪ್ರೋಟೀನ್ ಬಾರ್‌ನ ಭರಾಟೆ. ಜಿಮ್‌ಗೆ ಹೋಗುವ ಹುಡುಗರು, ಶುಗರ್ ಶುರುವಾದ ಮಧ್ಯವಯಸ್ಕರು, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ರಾತ್ರಿ ಪಾಳಿ ಮುಗಿಸಿ ಹಸಿದು ಬರುವವರು, ಎಲ್ಲರೂ ಮಾಡುತ್ತಿದ್ದಾರೆ. ಮಾಡಲಿ. ಬೇಕರಿಯ ಪಫ್ ತಿನ್ನುವ ಬದಲು ಕೈಯಾರೆ ಏನೋ ಕಲಸಿ ತಿನ್ನುವವರನ್ನು ಕಂಡರೆ ನನಗೆ ಪ್ರೀತಿಯೇ. ಸ್ಟೀಲ್ ಡಬ್ಬಿಯಲ್ಲಿ ತಂದು “ರುಚಿ ನೋಡ್ರಿ ಮೇಡಂ” ಎಂದು ಮೇಜಿನ ಮೇಲೆ ಇಡುತ್ತಾರೆ. ರುಚಿ ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಇರದೆ ಏನು? ಅದು ಮಿಠಾಯಿ.

ಈಚೆಗೆ ಒಬ್ಬ ಶಿಕ್ಷಕಿ ಅಳತೆಯನ್ನೆಲ್ಲ ನೋಟ್‌ಬುಕ್ಕಿನ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡು ಬಂದಿದ್ದರು. ಖರ್ಜೂರ ಕಾಲು ಕಿಲೋ, ಗೋಡಂಬಿ-ಬಾದಾಮಿ ಸೇರಿ 100 ಗ್ರಾಂ, ಓಟ್ಸ್ 50, ಬೆಲ್ಲ 50, ಕೋಕೋ ಪುಡಿ 20, ಕೊಬ್ಬರಿ ಎಣ್ಣೆ 30, ಮೇಲೆ ಸುರಿಯಲು ಡಾರ್ಕ್ ಚಾಕೊಲೇಟ್ 100. ಒಟ್ಟು 600 ಗ್ರಾಂ, ಹನ್ನೆರಡು ತುಂಡು. ಅದೇ ಹಾಳೆಯ ಮಗ್ಗುಲಲ್ಲಿ ಪೆನ್ಸಿಲ್ ಹಿಡಿದು ಇಬ್ಬರೂ ಲೆಕ್ಕಕ್ಕೆ ಕೂತೆವು. ಖರ್ಜೂರದಿಂದ ಪ್ರೋಟೀನ್ 6 ಗ್ರಾಂ, ಗೋಡಂಬಿ-ಬಾದಾಮಿಯಿಂದ 20, ಓಟ್ಸ್‌ನಿಂದ 6, ಕೋಕೋದಿಂದ 4, ಚಾಕೊಲೇಟಿನಿಂದ 7. ಬೆಲ್ಲ, ಎಣ್ಣೆಯದು ಸೊನ್ನೆ. ಇಡೀ ತಟ್ಟೆಗೆ 43. ಹನ್ನೆರಡರಿಂದ ಭಾಗಿಸಿದರೆ ತುಂಡಿಗೆ ಮೂರೂವರೆ ಗ್ರಾಂ ಚಿಲ್ಲರೆ. ಕ್ಯಾಲೊರಿ ಮಾತ್ರ ತುಂಡಿಗೆ 210ರ ಆಸುಪಾಸು. ಖರ್ಜೂರ, ಬೆಲ್ಲ, ಚಾಕೊಲೇಟ್ ಮೂರನ್ನೂ ಕೂಡಿಸಿದರೆ ಸಕ್ಕರೆ ಅಂಶ 20 ಗ್ರಾಂ ಹತ್ತಿರ, ಅಂದರೆ ನಾಲ್ಕೈದು ಚಮಚ. “ಸಕ್ಕರಿ ಒಂದು ಕಾಳೂ ಹಾಕಿಲ್ರಿ” ಎಂದು ಅವರು ಆಗಷ್ಟೇ ಹೇಳಿದ್ದರು.

ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಪ್ರೋಟೀನ್ ಎಷ್ಟು ಗೊತ್ತೇ? 5 ಗ್ರಾಂ. ಕ್ಯಾಲೊರಿ 170. ಜೋಳದ ಪ್ರೋಟೀನ್ ಸ್ವಲ್ಪ ಕಡಿಮೆ ದರ್ಜೆಯದು, ಪೂರ್ತಿ ಜೀರ್ಣವಾಗುವುದಿಲ್ಲ, ಪ್ರೋಟೀನಿನ ಬೇಕೇಬೇಕಾದ ಘಟಕಗಳಲ್ಲೊಂದಾದ ಲೈಸಿನ್ ಕಡಿಮೆ, ಎಲ್ಲ ಒಪ್ಪಿದೆ. ಅದಕ್ಕೇ ನಮ್ಮ ಕಡೆ ರೊಟ್ಟಿಯ ಜೊತೆ ಕಾಳುಪಲ್ಯ ಇರುತ್ತದೆ, ಕಾಳಿನಲ್ಲಿರುವ ಲೈಸಿನ್ ಆ ಕೊರತೆ ತುಂಬುತ್ತದೆ. ಲೆಕ್ಕ ನೋಡಿ ಆ ಶಿಕ್ಷಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ರಿ, ನಾನು ಬೆಳಿಗ್ಗಿ ರೊಟ್ಟಿ ಬಿಟ್ಟು ಇವನ್ನ ಎರಡು ತಿಂತಿದ್ದೆ” ಎಂದರು. ತೂಕ ಯಾಕೆ ಇಳಿಯುತ್ತಿಲ್ಲ ಎಂದು ಕೇಳಲು ಅವರು ಬಂದಿದ್ದು.

ಹಾಗಾಗಿ ಮತ್ತೊಮ್ಮೆ, ಬೇಸರಿಸಿಕೊಳ್ಳದೆ ಕೇಳಿ. ಮೊಬೈಲ್ ತೋರಿಸುವ ಅಂಕಿ ಆ ಪದಾರ್ಥದ ನೂರು ಗ್ರಾಂನದು, ನಿಮ್ಮ ಬಾರ್‌ನದಲ್ಲ. ಪ್ರತಿ ಪದಾರ್ಥ ತಟ್ಟೆಗೆ ಎಷ್ಟು ಗ್ರಾಂ ಬಿತ್ತು ಎಂದು ತೂಗಿ, ಅಷ್ಟಕ್ಕೆ ಎಷ್ಟು ಪ್ರೋಟೀನ್ ಎಂದು ಬರೆದು, ಎಲ್ಲ ಕೂಡಿಸಿ, ಕೊನೆಗೆ ತುಂಡುಗಳ ಸಂಖ್ಯೆಯಿಂದ ಭಾಗಿಸಿ. ತೂಗುವುದು ಎಂದರೆ ಡಿಜಿಟಲ್ ತಕ್ಕಡಿಯಲ್ಲಿ. “ಒಂದು ಬಟ್ಟಲು” ಎಂದು ಬರೆದುಕೊಂಡು ಬರಬೇಡಿ, ನಿಮ್ಮ ಬಟ್ಟಲು ನನ್ನ ಬಟ್ಟಲು ಒಂದೇ ಅಲ್ಲ. ಅಂಗಡಿಯಿಂದ ಕೊಂಡ ಬಾರ್‌ಗೂ ಇದೇ ಮಾತು. ಹೊದಿಕೆಯ ಮೇಲೆ ನೂರು ಗ್ರಾಂನ ಅಂಕಿ ದೊಡ್ಡದಾಗಿ ಕಾಣುತ್ತದೆ, ಪೊಟ್ಟಣದ ನಿವ್ವಳ ತೂಕ ಮೂಲೆಯಲ್ಲಿ ಎಲ್ಲೋ 40 ಗ್ರಾಂ ಎಂದಿರುತ್ತದೆ. ಗುಣಾಕಾರ ನಾವೇ ಮಾಡಬೇಕು.

ಲೆಕ್ಕ ಮಾಡಿದರೆ ಪಂಚಮಿಯ ಶೇಂಗಾ ಉಂಡಿ ಆ ಬಾರ್‌ಗಿಂತ ವಾಸಿ. ಎರಡು ಪಾಲು ಶೇಂಗಾ, ಒಂದು ಪಾಲು ಬೆಲ್ಲ ಕುಟ್ಟಿ ಕಟ್ಟಿದ ಮೂವತ್ತು ಗ್ರಾಂ ಉಂಡಿಯಲ್ಲಿ 5 ಗ್ರಾಂ ಪ್ರೋಟೀನ್. ತುಪ್ಪ ಹಾಕದೆ ಕಟ್ಟಿದರೆ ಅದು ತಾನಾಗಿಯೇ ವೀಗನ್. ನಮ್ಮ ಅಜ್ಜಿಯಂದಿರು ಅದನ್ನು ಹಬ್ಬದ ಸಿಹಿ ಎಂದೇ ಕರೆದರು, ಪ್ರೋಟೀನ್ ಎಂದು ದಿನಾ ನಾಲ್ಕು ತಿನ್ನಲು ಹೇಳಲಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಹೆಸರಿಗೆ ತಕ್ಕ ಬಾರ್ ಬೇಕಾದರೆ ಖರ್ಜೂರವನ್ನು ಅರ್ಧಕ್ಕೆ ಇಳಿಸಿ, ಬೆಲ್ಲ ಮತ್ತು ಎಣ್ಣೆ ಪೂರ್ತಿ ಬಿಟ್ಟು, ಆ ಜಾಗಕ್ಕೆ ಪ್ರೋಟೀನ್ ಇರುವ ವಸ್ತು ತರಬೇಕು. ನಾನು ಬರೆದುಕೊಡುವ ಅಳತೆ ಹೀಗಿದೆ: ಹುರಿದ ಶೇಂಗಾ 120 ಗ್ರಾಂ, ಪುಟಾಣಿ (ಹುರಿಗಡಲೆ) 100, ಬಟಾಣಿ ಪ್ರೋಟೀನ್ ಪುಡಿ 90, ಬೀಜ ತೆಗೆದ ಖರ್ಜೂರ 120, ಕೋಕೋ ಪುಡಿ 25, ಹುರಿದ ಎಳ್ಳು 20, ಚಿಟಿಕೆ ಉಪ್ಪು, ಮೇಲಕ್ಕೆ ಡಾರ್ಕ್ ಚಾಕೊಲೇಟ್ 60. ಕಲಸಲು ನೀರು 60 ಮಿಲಿಲೀಟರ್, ಮನಸ್ಸಿದ್ದರೆ ನೀರಿನ ಬದಲು ತಣ್ಣನೆಯ ಕಾಫಿ ಡಿಕಾಕ್ಷನ್, ಚಾಕೊಲೇಟಿನ ರುಚಿ ಏರುತ್ತದೆ. ಇಡೀ ತಟ್ಟೆಯಲ್ಲಿ ಪ್ರೋಟೀನ್ 140 ಗ್ರಾಂ ಆಸುಪಾಸು. ಹನ್ನೆರಡು ತುಂಡು ಮಾಡಿದರೆ ತುಂಡಿಗೆ ಹನ್ನೊಂದು-ಹನ್ನೆರಡು. ಕ್ಯಾಲೊರಿ 190ರೊಳಗೆ.

ಪ್ರೋಟೀನ್ ಪುಡಿ ಬೇಡವೇ? ಬೇಡ ಬಿಡಿ. ಶೇಂಗಾ, ಪುಟಾಣಿ ಎರಡನ್ನೂ 150ಕ್ಕೆ ಏರಿಸಿ. ಆಗ ತುಂಡಿಗೆ 7 ಗ್ರಾಂ ಸಿಗುತ್ತದೆ. ಮನೆಯ ಕಾಳುಕಡಿಯಿಂದ ಮಾಡಿದ ಬಾರ್ ಅದಕ್ಕಿಂತ ಬಹಳ ಮೇಲೆ ಏರುವುದಿಲ್ಲ, ಏರಿದೆ ಎಂದು ಯಾರಾದರೂ ಹೇಳಿದರೆ ಅವರ ಹಾಳೆ ಕೇಳಿ. ಸಾಮಾನ್ಯ ಓಡಾಟದವರಿಗೆ 7 ಗ್ರಾಂ ಧಾರಾಳ ಸಾಕು. ರಾಷ್ಟ್ರೀಯ ಪೋಷಣ ಸಂಸ್ಥೆಯ ಶಿಫಾರಸು ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ, ಅರವತ್ತು ಕಿಲೋದವರಿಗೆ 50 ಗ್ರಾಂ ಆಯಿತು. ಅದರ ಬಹುಪಾಲು ಊಟದಿಂದಲೇ ಬರಬೇಕು. ಪ್ರೋಟೀನ್ ಪುಡಿಯ ಮೇಲೆ ಅವಲಂಬಿಸಬೇಡಿ ಎಂದು ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಪುಡಿ ಹಾಕುವವರು ಬಾರ್‌ಗಷ್ಟೇ ಹಾಕಿ. ಬೆಳಿಗ್ಗೆ ಶೇಕ್, ಸಂಜೆ ಶೇಕ್, ನಡುವೆ ಬಾರ್ ಎಂದು ಪೇರಿಸಬೇಡಿ.

ಇಲ್ಲೊಂದು ಗೊಂದಲ ಇದೆ. “ಬಟಾಣಿ ಪ್ರೋಟೀನ್ ಅಂದ್ರೆ ಬಟಾಣಿ ಹಿಟ್ಟೇ ಅಲ್ವಾ, ಗಿರಣಿಗೆ ಹಾಕಿಸ್ತೀನಿ” ಎಂದವರಿದ್ದಾರೆ. ಒಣ ಬಟಾಣಿಯಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಇಪ್ಪತ್ತರ ಮೇಲೆ ಸ್ವಲ್ಪ. ಪಿಷ್ಟ, ನಾರು ಬೇರ್ಪಡಿಸಿದ ಪುಡಿಯಲ್ಲಿ ಎಂಬತ್ತರಷ್ಟು. ಅದಕ್ಕಿಂತ ಮುಖ್ಯವಾಗಿ, ಬೇಯಿಸದ ಬಾರ್‌ಗೆ ಹಸಿ ಹಿಟ್ಟು ಯಾವುದೂ ಹೋಗಬಾರದು. ಹಸಿ ಕಡಲೆಹಿಟ್ಟು, ಹಸಿ ಸೋಯಾ ಹಿಟ್ಟು, ಹಸಿ ಬಟಾಣಿ ಹಿಟ್ಟು ಎಲ್ಲವೂ ಹೊಟ್ಟೆಗೆ ತೊಂದರೆ. ಹಸಿ ಸೋಯಾದಲ್ಲಂತೂ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೇ ಇದೆ, ಅದು ಹೋಗುವುದು ಬಿಸಿಗೆ. ಪುಟಾಣಿ ಹುರಿದೇ ಬಂದಿರುತ್ತದೆ, ಓಟ್ಸ್ ಹಬೆಯಲ್ಲಿ ಬೆಂದೇ ಬಂದಿರುತ್ತದೆ, ಅವು ಸರಿ. ಓವನ್ ಬೇಡ ಎಂದ ಮಾತ್ರಕ್ಕೆ ಬಾಣಲೆಯೂ ಬೇಡ ಎಂದಲ್ಲ.

ಮಾಡುವ ವಿಧಾನದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವ ತನಕ ಹುರಿದು, ತಿಕ್ಕಿ, ಕೇರಿ, ಎಣ್ಣೆ ಬಿಡುವವರೆಗೆ ಮಿಕ್ಸಿಯಲ್ಲಿ ರುಬ್ಬಿ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ, ಸುಟ್ಟ ಮಿಕ್ಸಿಗೆ ನಾನು ಜವಾಬ್ದಾರಳಲ್ಲ. ಪುಟಾಣಿ ನುಣ್ಣಗೆ ಪುಡಿಯಾಗಲಿ. ಖರ್ಜೂರವನ್ನು ಅದೇ 60 ಮಿಲಿಲೀಟರ್ ನೀರಿನಲ್ಲಿ ನೆನೆಸಿ ರುಬ್ಬಿ. ಎಲ್ಲ ಕಲಸಿದಾಗ ಹಿಟ್ಟು ಮೊದಲು ಸರಿಯಾಗಿಯೇ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಒಣಗಿ ಉದುರುತ್ತದೆ. ಪ್ರೋಟೀನ್ ಪುಡಿ ಹೊಸ ಮಡಕೆಯ ಹಾಗೆ ನೀರು ಕುಡಿಯುತ್ತದೆ. ಇಲ್ಲೇ ಎಲ್ಲರೂ ಗಾಬರಿಬಿದ್ದು ಕೊಬ್ಬರಿ ಎಣ್ಣೆ ಸುರಿಯುವುದು. ಸುರಿಯಬೇಡಿ. ಹತ್ತು ನಿಮಿಷ ಕಾದು, ಒಂದೊಂದೇ ಚಮಚ ನೀರು ಹಾಕಿ ನಾದಿ, ಮುಷ್ಟಿ ಹಿಡಿದರೆ ಕೂಡುವಷ್ಟಾದರೆ ಸಾಕು. ಬಟರ್ ಪೇಪರ್ ಹಾಸಿದ ತಟ್ಟೆಗೆ ಒತ್ತಿ ತುಂಬಿ.

ಎಣ್ಣೆ ಬೇಡ ಎನ್ನುವುದಕ್ಕೆ ಕ್ಯಾಲೊರಿಯ ಜೊತೆ ನಮ್ಮೂರಿನ ಬಿಸಿಲೂ ಕಾರಣ. ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿಯಲ್ಲಿ. ತಣ್ಣನೆಯ ದೇಶದವರು ಬಾರ್ ಗಟ್ಟಿ ನಿಲ್ಲಲಿ ಎಂದು ಅದನ್ನು ಹಾಕುತ್ತಾರೆ, ಅವರಿಗೆ ನಿಲ್ಲುತ್ತದೆ. ಬಳ್ಳಾರಿಯಲ್ಲಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳು ನಲವತ್ತು ದಾಟುವಾಗ ಅದು ಬ್ಯಾಗಿನೊಳಗೆ ಎಣ್ಣೆಯಾಗಿಯೇ ಇರುತ್ತದೆ. ಒಳ್ಳೆಯ ಡಾರ್ಕ್ ಚಾಕೊಲೇಟಿನ ಕೋಕೋ ಬೆಣ್ಣೆಯೂ 34 ಡಿಗ್ರಿ ಹೊತ್ತಿಗೆ ಕರಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮೇಲೆ ಚಾಕೊಲೇಟ್ ಸುರಿಯುವ ಶೋಕಿ ಬಿಟ್ಟು ಅದನ್ನು ಸಣ್ಣಗೆ ಹೆಚ್ಚಿ ಹಿಟ್ಟಿನೊಳಗೇ ಕಲಸಿ. ಸುರಿಯಲೇಬೇಕು ಎನ್ನುವವರು ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸಿ, ಒಂದು ಹನಿ ನೀರೂ ಒಳಗೆ ಬೀಳದಂತೆ. ಬಿದ್ದರೆ ಚಾಕೊಲೇಟ್ ಗಂಟುಗಂಟಾಗಿ ಕೂರುತ್ತದೆ.

ಈ ಚಾಕೊಲೇಟಿನ ಹೊದಿಕೆ ಸ್ವಲ್ಪ ಓದಿ. ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಡಾರ್ಕ್ ಕಾಂಪೌಂಡ್‌ನಲ್ಲಿ ಸಕ್ಕರೆ ಮೊದಲು, ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು, ಎಷ್ಟೋ ಸಲ ಹಾಲಿನ ಘನಾಂಶವೂ ಇರುತ್ತದೆ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಎಂದಷ್ಟೇ ಅರ್ಥ, ಹಾಲು ಇರಬಹುದು. ವೀಗನ್ ಆಹಾರಕ್ಕೆ 2022ರ ನಿಯಮಗಳ ಪ್ರಕಾರ ಹಸಿರು ‘ವಿ’ ಅಕ್ಷರದ ಬೇರೆಯೇ ಗುರುತು ಇದೆ. ಜೇನುತುಪ್ಪವೂ ವೀಗನ್ ಲೆಕ್ಕದಿಂದ ಹೊರಗೆ, ವೇ ಪ್ರೋಟೀನ್ ಹಾಲಿನದು. ಕುಡಿಯುವ ಚಾಕೊಲೇಟ್ ಪುಡಿಯನ್ನೇ ಕೋಕೋ ಎಂದು ಹಾಕುವವರಿಗೆ: ಅದರಲ್ಲಿ ಹೆಚ್ಚಿನದು ಸಕ್ಕರೆ. ಒಂದು ಮನೆಯಲ್ಲಿ ಇಷ್ಟೆಲ್ಲ ನೋಡಿ ನೋಡಿ ತಂದು, ಮಗಳಿಗೆ ಹಾಲಿನ ಅಲರ್ಜಿ ಎಂದು ಕಾಳಜಿಯಿಂದ ಕಲಸಿ, ಕೊನೆಗೆ ತಟ್ಟೆಗೆ ತುಪ್ಪ ಸವರಿದ್ದರು. “ಅಂಟಬಾರದಲ್ರಿ ಮತ್ತೆ, ತಟಗು ಅಷ್ಟೇ” ಎಂದರು ಆ ಹುಡುಗಿಯ ಅಜ್ಜಿ. ಹಾಲಿನ ಅಲರ್ಜಿ ಇದ್ದವರಿಗೆ ತಟಗೂ ಬೇಡ.

ಖರ್ಜೂರದ ನೀರಿನಂಶ ಇರುವುದರಿಂದ ಈ ಬಾರ್ ಉಂಡಿಯಂತೆ ಡಬ್ಬಿಯಲ್ಲಿ ತಿಂಗಳಿಡೀ ಇರುವುದಿಲ್ಲ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಹೆಚ್ಚು ಮಾಡಿದರೆ ಒಂದೊಂದನ್ನೇ ಕಾಗದದಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿ. ಶೇಂಗಾ ಆರಿಸುವಾಗ ಸುಕ್ಕಾದದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಕಹಿ ಬರುವುದು ಎಲ್ಲ ತೆಗೆದು ಎಸೆಯಿರಿ. ಅದರಲ್ಲಿ ಬೆಳೆಯುವ ಶಿಲೀಂಧ್ರದ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ರುಬ್ಬಿ ಕೋಕೋ ಬೆರೆಸಿದ ಮೇಲೆ ಕಹಿ ಯಾವುದರದು ಎಂದು ನಾಲಿಗೆಗೂ ಗೊತ್ತಾಗುವುದಿಲ್ಲ.

ಶುಗರ್ ಇರುವವರು ನನ್ನ ಅಳತೆಯ ಬಾರ್ ತಿನ್ನುವುದಾದರೂ ಒಂದೇ ತಿನ್ನಿ, ಊಟದ ಮೇಲೆ ಬೇಡ, ತಿಂದ ಎರಡು ಗಂಟೆಗೆ ಗ್ಲುಕೋಮೀಟರ್ ಚುಚ್ಚಿ ನೋಡಿಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು ರೀತಿ ಏರುತ್ತದೆ. ಶೇಂಗಾ ಅಲರ್ಜಿ ಇರುವವರು ಹತ್ತಿರ ಸುಳಿಯಬೇಡಿ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವ ಅಂಶ) ಏರಿದೆ ಎಂದು ಡಾಕ್ಟರು ಹೇಳಿದ್ದರೆ ಈ ಬಾರ್, ಪುಡಿ, ಖರ್ಜೂರ ಯಾವುದನ್ನೂ ಅವರನ್ನು ಕೇಳದೆ ಮುಟ್ಟಬೇಡಿ. ಮೂತ್ರಪಿಂಡ ಸೋತವರಿಗೆ ಪ್ರೋಟೀನ್ ಎಷ್ಟು, ಪೊಟ್ಯಾಸಿಯಂ ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿಯೇ ಹೇಳಬೇಕು, ಅಂಕಣ ಓದಿ ಅಲ್ಲ. ಉಳಿದವರು ಬರುವಾಗ ಡಬ್ಬಿಯ ಜೊತೆ ಅಳತೆಯ ಹಾಳೆಯನ್ನೂ ತನ್ನಿ, ಗ್ರಾಂ ಲೆಕ್ಕದಲ್ಲಿ.