ಎಲೆಕ್ಟ್ರಾನ್ ಯಾಕೆ ನ್ಯೂಕ್ಲಿಯಸ್ ಒಳಗೆ ಬೀಳುವುದಿಲ್ಲ?

"ಸರ್, ಪರಮಾಣುವಿನಲ್ಲಿ ಎಲೆಕ್ಟ್ರಾನ್ ಸದಾ ನಡುವಿನ ನ್ಯೂಕ್ಲಿಯಸ್ ಸುತ್ತ ಸುತ್ತುತ್ತಲೇ ಇರುತ್ತದಲ್ಲ, ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಯಾಕೆ ಒಳಗೆ ಬೀಳುವುದಿಲ್ಲ?"

ಒಂಬತ್ತನೇ ಕ್ಲಾಸಿನ ಮಕ್ಕಳೂ ಕೇಳುತ್ತಾರೆ, ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಎಷ್ಟು ಸಲ ಉತ್ತರ ಹೇಳಿದ್ದೇನೋ! ಇನ್ನೊಂದು ಸಲ ಹೇಳುತ್ತೇನೆ: ಎಲೆಕ್ಟ್ರಾನ್ ಸುತ್ತುತ್ತಲೇ ಇಲ್ಲ.

ಪರಮಾಣು ಒಡೆಯಲಾಗದ ಗುಂಡು ಎಂದ ಡಾಲ್ಟನ್, ಎಲೆಕ್ಟ್ರಾನ್‌ಗಳು ಬೀಜದಂತೆ ಹುದುಗಿರುವ ಕಲ್ಲಂಗಡಿ ಹಣ್ಣಿನ ಹಾಗೆ ಎಂದ ಥಾಮ್ಸನ್ ನಿಮಗೆ ಗೊತ್ತೇ ಇದ್ದಾರೆ. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ತೆಳ್ಳನೆಯ ಚಿನ್ನದ ಹಾಳೆಗೆ ಆಲ್ಫಾ ಕಣ (ಧನ ವಿದ್ಯುದಂಶ ಇರುವ ಪುಟ್ಟ ಕಣ) ಹೊಡೆದಾಗ ಕೆಲವು ಹಿಂದಕ್ಕೆ ಪುಟಿದವು. ಅದರಿಂದ 1911ರಲ್ಲಿ ರದರ್‌ಫೋರ್ಡ್, ಪರಮಾಣುವಿನ ನಡುವೆ ಪುಟ್ಟ ಗಟ್ಟಿ ನ್ಯೂಕ್ಲಿಯಸ್ ಇದೆ ಎಂದ. ಸೂರ್ಯನ ಸುತ್ತ ಗ್ರಹ ಇದ್ದ ಹಾಗೆ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದ್ದು ಹೀಗೆ.

ಆದರೆ ನೀವು ಕೇಳಿದ ಪ್ರಶ್ನೆ ಆಗಲೇ ಎದ್ದಿತ್ತು. ಇದನ್ನು ತಾವಾಗಿಯೇ ಕೇಳುವ ಮಕ್ಕಳನ್ನು ಕಂಡರೆ ನನಗೆ ಹೆಮ್ಮೆ. ವಿದ್ಯುದಂಶ ಇರುವ ಕಣ ವೃತ್ತದಲ್ಲಿ ಓಡಿದರೆ ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳಬೇಕು. ಲೆಕ್ಕ ಹಾಕಿದರೆ, ಸೆಕೆಂಡಿನ ಸುಮಾರು ಹತ್ತು ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು ಹೊತ್ತಿಗೆ ಅದು ಒಳಗೆ ಬಿದ್ದಿರಬೇಕು. 1913ರಲ್ಲಿ ಬೋರ್, ಕೆಲವು ಕಕ್ಷೆಗಳಲ್ಲಿ ಮಾತ್ರ ಬೆಳಕು ಸೂಸುವುದಿಲ್ಲ ಎಂದು ಊಹಿಸಿದ. ಹೈಡ್ರೋಜನ್‌ಗೆ ಲೆಕ್ಕ ಚೆನ್ನಾಗಿ ಕೂತಿತು. ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂಗೆ ಕೂರಲಿಲ್ಲ.

1926ರಲ್ಲಿ, ಎಲೆಕ್ಟ್ರಾನ್ ಅನ್ನು ಅಲೆಯಂತೆ ಲೆಕ್ಕ ಹಾಕುವ ಶ್ರೋಡಿಂಗರ್‌ನ ಸಮೀಕರಣ ಬಂತು. ಕಕ್ಷೆಯೇ ಹೋಯಿತು. ಉಳಿದಿದ್ದು ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ಹೇಳುವ ಒಂದು ಮೋಡ.

ಇಲ್ಲಿಗೆ ಬಂದಾಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ಗೊತ್ತಾಯ್ತು ಸರ್, ಫ್ಯಾನ್ ಜೋರಾಗಿ ತಿರುಗಿದಾಗ ರೆಕ್ಕೆ ಮಸುಕಾಗಿ ಕಾಣುವ ಹಾಗೆ!" ಅಲ್ಲ, ದಯವಿಟ್ಟು ಅಲ್ಲ! ಫ್ಯಾನಿನ ರೆಕ್ಕೆಗೆ ಪ್ರತಿ ಕ್ಷಣವೂ ಒಂದು ಜಾಗ ಇದೆ, ನಮ್ಮ ಕಣ್ಣಿಗೆ ಸಿಗುವುದಿಲ್ಲ ಅಷ್ಟೇ. ಎಲೆಕ್ಟ್ರಾನ್‌ಗೆ ಅಂಥ ದಾರಿಯೇ ಇಲ್ಲ. ಹೈಡ್ರೋಜನ್‌ನ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ, ನ್ಯೂಕ್ಲಿಯಸ್ ಸುತ್ತ ಅದರ ಕೋನೀಯ ಸಂವೇಗ, ಅಂದರೆ ಸುತ್ತುವಿಕೆಯ ಅಳತೆ, ಸೊನ್ನೆ. ವೃತ್ತದಲ್ಲಿ ಓಡುವ ವಸ್ತುವಿಗೆ ಅದು ಸೊನ್ನೆ ಆಗಲು ಸಾಧ್ಯವೇ ಇಲ್ಲ, ಅಲ್ವಾ?

ಹಾಗಾದರೆ ಬೀಳದೆ ಇರುವುದು ಯಾಕೆ? ಎಲೆಕ್ಟ್ರಾನ್‌ಗೆ ಅಲೆಯ ಗುಣ ಇದೆ. ಅದನ್ನು ಚಿಕ್ಕ ಜಾಗಕ್ಕೆ ಒತ್ತಿದಷ್ಟೂ ಅದರ ಚಲನೆಯ ಶಕ್ತಿ ಜಾಸ್ತಿ ಆಗುತ್ತದೆ. ನ್ಯೂಕ್ಲಿಯಸ್ ಒಳಕ್ಕೆ ಎಳೆಯುತ್ತದೆ, ಈ ಗುಣ ಕುಗ್ಗಲು ಬಿಡುವುದಿಲ್ಲ. ಎರಡೂ ಸರಿತೂಗುವುದು ಹೈಡ್ರೋಜನ್‌ನಲ್ಲಿ ಸುಮಾರು 0.05 ನ್ಯಾನೋಮೀಟರ್ ದೂರದಲ್ಲಿ. ಶಕ್ತಿ ಖರ್ಚಾಗುವುದೇ ಇಲ್ಲ, ಆದ್ದರಿಂದ ಹೊರಗಿನಿಂದ ತುಂಬಬೇಕಾಗಿಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಪರಮಾಣುವನ್ನು ಯಾರಾದರೂ ನೋಡಿದ್ದಾರಾ ಎಂಬುದನ್ನೂ ಹೇಳಿಬಿಡುತ್ತೇನೆ. 1981ರಲ್ಲಿ ಬಿನ್ನಿಗ್ ಮತ್ತು ರೋರರ್ ಒಂದು ಸೂಕ್ಷ್ಮದರ್ಶಕ ಮಾಡಿದರು. ಅದು ಬೆಳಕಿನಿಂದ ನೋಡುವುದಿಲ್ಲ. ಚೂಪಾದ ಸೂಜಿಯ ತುದಿಗೂ ಮೇಲ್ಮೈಗೂ ನಡುವೆ ಹರಿಯುವ ಕರೆಂಟ್ ಅಳೆದು, ಉಬ್ಬು ತಗ್ಗುಗಳ ಚಿತ್ರ ಮಾಡುತ್ತದೆ. 1989ರಲ್ಲಿ ಡಾನ್ ಐಗ್ಲರ್ ಅದೇ ಬಗೆಯ ಸೂಜಿಯಿಂದ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ತನ್ನ ಕಂಪನಿಯ ಹೆಸರು ಐಬಿಎಂ ಎಂದು ಬರೆದ. ಆ ಚಿತ್ರ ಹುಡುಕಿ ನೋಡಿ. ಸಾಲಾಗಿ ದುಂಡನೆಯ ಉಬ್ಬುಗಳಿವೆ. ಕಕ್ಷೆಯ ಉಂಗುರ ಒಂದೂ ಇಲ್ಲ.