ಗಾಳಿಯ ತೇವ ಕುಡಿಯುವ ದ್ರವ ಉಪ್ಪು

ಅಡುಗೆ ಉಪ್ಪು ಬರೀ ಬಿಸಿಗೆ ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಮಾಮೂಲಿ ಕೋಣೆಯ ಬಿಸಿಯಲ್ಲೇ ಹರಳೆಣ್ಣೆಯ ಹಾಗೆ ಹರಿಯುವ ಲವಣಗಳೂ ಇವೆ. ಇವೇ ಅಯಾನಿಕ್ ದ್ರವಗಳು. ಇವುಗಳಲ್ಲಿರುವುದು ಧನ ಮತ್ತು ಋಣ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಮಾತ್ರ. ಅಯಾನುಗಳು ದೊಡ್ಡವು, ಆಕಾರವೂ ಸೊಟ್ಟ. ಹಾಗಾಗಿ ಸಾಲಾಗಿ ಕೂತು ಹರಳುಗಟ್ಟುವುದು ಕಷ್ಟ. ಬಾಟಲಿಯ ಮುಚ್ಚಳ ತೆಗೆದಿಟ್ಟರೆ ಸಾಕು, ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಇವತ್ತು ಬೇಡಿಕೆ ತಂದುಕೊಡುತ್ತಿರುವ ಈ ಗುಣ ಬಹಳ ಕಾಲ ಬರೀ ಕಾಟವಾಗಿತ್ತು.

1914ರಲ್ಲಿ ರೀಗಾದ (ಈಗಿನ ಲಾಟ್ವಿಯಾ) ರಸಾಯನ ವಿಜ್ಞಾನಿ ಪೌಲ್ ವಾಲ್ಡೆನ್ ಅವರು ಈಥೈಲ್‌ಅಮೋನಿಯಂ ನೈಟ್ರೇಟ್ ಸುಮಾರು 12 ಡಿಗ್ರಿಯಲ್ಲೇ ಕರಗುತ್ತದೆ ಎಂದು ಬರೆದರು. ನೀರಿಲ್ಲದ ಲವಣದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದು ಅವರ ಕುತೂಹಲ. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ.

1982ರ ಹೊತ್ತಿಗೆ ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು ಬ್ಯಾಟರಿಗಾಗಿ ಇಮಿಡಜೋಲಿಯಂ (ಸಾರಜನಕ ಇರುವ ಉಂಗುರದಾಕಾರದ ಧನ ಅಯಾನು) ಲವಣಕ್ಕೆ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿದ ದ್ರವಗಳನ್ನು ತಯಾರಿಸಿದರು. ಇವಕ್ಕೆ ತೇವ ತಗುಲಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತಿತ್ತು. ಕೆಲಸವೆಲ್ಲ ಒಣ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ, ಕೈಗವಸಿನ ಮೂಲಕ. 1992ರಲ್ಲಿ ವಿಲ್ಕ್ಸ್ ಮತ್ತು ಮೈಕೆಲ್ ಜವೊರೊಟ್ಕೊ ಗಾಳಿ, ನೀರು ಎರಡನ್ನೂ ತಾಳಿಕೊಳ್ಳುವ ದ್ರವಗಳನ್ನು ಪ್ರಕಟಿಸಿದ ಮೇಲೆ ಈ ಪೆಟ್ಟಿಗೆಯ ಹಂಗು ತಪ್ಪಿತು, ಸಂಶೋಧನೆ ಜಾಸ್ತಿಯಾಯಿತು. ತಾಳಿಕೊಳ್ಳುವುದೆಂದರೆ ನೀರು ಸೇರಿದರೂ ಕೆಡುವುದಿಲ್ಲ ಎಂದಷ್ಟೇ. ಸೇರುವುದಂತೂ ತಪ್ಪಲಿಲ್ಲ. ಕೆಡುವುದೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಋಣ ಅಯಾನು ಇರುವ ದ್ರವ ನೀರಿನೊಂದಿಗೆ ಒಡೆದು ಅಪಾಯಕಾರಿ ಹೈಡ್ರೋಜನ್ ಫ್ಲೋರೈಡ್ ಕೊಡಬಲ್ಲದು ಎಂದು 2003ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ತಂಡ ಎಚ್ಚರಿಸಿತು.

ಅಷ್ಟರಲ್ಲಿ ಇನ್ನೊಂದು ವಿಷಯ ಹೊರಬಿದ್ದಿತ್ತು. 2000ರಲ್ಲಿ ಬೆಲ್‌ಫಾಸ್ಟ್‌ನ ಕೆನೆತ್ ಸೆಡನ್ ತಂಡ ತೋರಿಸಿದ್ದು ಇದು: ಸ್ವಲ್ಪವೇ ನೀರು ಸೇರಿದರೂ ಮಂದ ದ್ರವ ಎಷ್ಟೋ ತೆಳುವಾಗುತ್ತದೆ. ಎಷ್ಟು ನೀರಿದೆ ಎಂದು ಅಳೆಯದೆ ಮಾಡಿದ ಹಳೆಯ ಅಳತೆಗಳನ್ನು ಹಾಗಾದರೆ ನಂಬುವುದು ಹೇಗೆ ಅಲ್ವಾ?

ಒಳಗೆ ಹೋದ ನೀರು ಏನು ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಉತ್ತರ ಬಂದದ್ದು 2001ರಲ್ಲಿ. ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ ಟಾಮ್ ವೆಲ್ಟನ್, ಸೆರ್ಗೆಯ್ ಕಜಾರಿಯನ್ ಮತ್ತಿತರರು ಗಾಳಿಯಿಂದ ನೀರು ಹೀರಿದ ದ್ರವಗಳನ್ನು ಅವಕೆಂಪು ಬೆಳಕಿನಲ್ಲಿ ನೋಡಿದರು. ನೀರು ಕಡಿಮೆ ಇದ್ದಾಗ ಅಣುಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿರಲಿಲ್ಲ. ಹೆಚ್ಚಿನವು ಒಂಟಿಯಾಗಿದ್ದವು. ನೀರಿನ ಎರಡು ಹೈಡ್ರೋಜನ್‌ಗಳೂ ಅಕ್ಕಪಕ್ಕದ ಎರಡು ಋಣ ಅಯಾನುಗಳನ್ನು ಹೈಡ್ರೋಜನ್ ಬಂಧ ಎಂಬ ಸಣ್ಣ ಸೆಳೆತದಿಂದ ಹಿಡಿದಿದ್ದವು. ಅಂದರೆ ನೀರನ್ನು ಎಳೆಯುವ ಕೆಲಸದಲ್ಲಿ ಋಣ ಅಯಾನಿನದೇ ಮೇಲುಗೈ. ಅಸಿಟೇಟ್ ಎಂಬ ಋಣ ಅಯಾನು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಹೆಕ್ಸಾಫ್ಲೋರೋಫಾಸ್ಫೇಟ್ ಸಡಿಲವಾಗಿ. ಧನ ಅಯಾನಿನ ಇಂಗಾಲದ ಬಾಲ ಉದ್ದವಾದಷ್ಟೂ ನೀರಿನ ಸೆಳೆತ ಕಡಿಮೆ. ನನಗೆ ಈ ಇಡೀ ಕಥೆಯ ತಿರುವು ಇದೇ ಅನಿಸುತ್ತದೆ. ಯಾವುದು ಎಳೆಯುತ್ತದೆ ಎಂದು ಗೊತ್ತಾದ ಮೇಲೆ, ಎಷ್ಟು ಎಳೆಯಬೇಕು ಎಂದು ಆರಿಸಬಹುದಲ್ಲ.

ದ್ರವದೊಳಗೆ ನೀರಿನ ಸಾಗಾಟ ನಡೆಯುವುದು ಹೀಗೆ. ಮೇಲ್ಮೈಗೆ ಬಂದ ಅಣು ಒಂದು ಅಯಾನನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ, ನೀರು ಕಡಿಮೆ ಇರುವ ಕಡೆಗೆ ನಿಧಾನವಾಗಿ ಜರುಗುತ್ತದೆ. ನೀರು ಸೇರಿ ದ್ರವ ತೆಳುವಾದಷ್ಟೂ ಹಿಂದೆ ಬರುವ ಅಣುಗಳಿಗೆ ದಾರಿ ಸಲೀಸು. ಇನ್ನೂ ನೀರು ಸೇರಿದರೆ ಅಣುಗಳು ಗುಂಪುಗೂಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೊನೆಗೆ ಅದು ನೀರಿನಲ್ಲಿ ಕರಗಿದ ಮಾಮೂಲಿ ಉಪ್ಪಿನ ದ್ರಾವಣ.

ಗಾಳಿ ಒಣಗಿಸುವ ಯಂತ್ರಗಳಲ್ಲಿ ಲಿಥಿಯಂ ಕ್ಲೋರೈಡ್ ದ್ರಾವಣ ಬಳಸುವುದು ಹಳೆಯ ಪದ್ಧತಿ. ಅದು ಲೋಹಕ್ಕೆ ತುಕ್ಕು ಹಿಡಿಸುತ್ತದೆ, ನೀರು ತೀರಾ ಕಡಿಮೆಯಾದರೆ ಹರಳುಗಟ್ಟಿ ಕೊಳವೆ ಕಟ್ಟುತ್ತದೆ. ಅಯಾನಿಕ್ ದ್ರವಗಳನ್ನು ಇದಕ್ಕೆ ಬದಲಿಯಾಗಿ ಪರೀಕ್ಷಿಸಲು ಕಾರಣ ಇದೇ. ಇವು ಸುಲಭವಾಗಿ ಹರಳುಗಟ್ಟುವುದಿಲ್ಲ, ಹೆಚ್ಚಿನವು ಆವಿಯಾಗುವುದೂ ಇಲ್ಲವೆನ್ನುವಷ್ಟು ಕಡಿಮೆ. ಕಾಯಿಸಿದರೆ ನೀರು ಹೋಗುತ್ತದೆ, ದ್ರವ ಉಳಿಯುತ್ತದೆ. ಆದರೆ ಆ ಕಾಯಿಸುವುದು ಸುಮ್ನೆ ಆಗುವುದಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಏನಿಲ್ಲವೆಂದರೂ ಸುಮಾರು 0.68 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಅಸಿಟೇಟ್‌ನಂತೆ ಬಿಗಿಯಾಗಿ ಹಿಡಿಯುವ ದ್ರವಕ್ಕೆ ಇನ್ನೂ ಜಾಸ್ತಿ.

ಈ ಖರ್ಚು ತಪ್ಪಿಸಲು ಪೊರೆಯ ದಾರಿ ಹಿಡಿದವರೂ ಇದ್ದಾರೆ. ಸಣ್ಣ ರಂಧ್ರಗಳ ಹಾಳೆಯಲ್ಲಿ ಅಯಾನಿಕ್ ದ್ರವ ತುಂಬಿ, ಒಂದು ಕಡೆ ತೇವದ ಗಾಳಿ ಹಾಯಿಸಿ, ಇನ್ನೊಂದು ಕಡೆ ನಿರ್ವಾತ ಇಟ್ಟರೆ ನೀರಾವಿ ದಾಟಿಕೊಂಡು ಹೋಗುತ್ತದೆ. ಸಾರಜನಕ, ಆಮ್ಲಜನಕ ಬಹುಪಾಲು ಹಿಂದೆಯೇ ಉಳಿಯುತ್ತವೆ. ಕಾಯಿಸುವ ಬದಲು ಪಂಪ್ ನಡೆಸಬೇಕು, ಅಷ್ಟೇ. ಒತ್ತಡ ಜಾಸ್ತಿಯಾದರೆ ದ್ರವ ರಂಧ್ರದಿಂದ ಜಾರಿ ಹೋಗುವುದು ಇಲ್ಲಿನ ತೊಂದರೆ. ಅದಕ್ಕೇ ದ್ರವವನ್ನು ಜೆಲ್ ಮಾಡಿ, ಇಲ್ಲವೇ ಅಯಾನುಗಳನ್ನೇ ಪಾಲಿಮರ್ ಆಗಿ ಹೆಣೆದು ಹಿಡಿದಿಡುವ ಪ್ರಯತ್ನ ನಡೆದಿದೆ. ಹಾಗೆ ಬಿಗಿದರೆ ನೀರಿನ ಓಟವೂ ಸ್ವಲ್ಪ ಕುಂಟುತ್ತದೆ.