ಕಪ್ಪು ಇರಲಿ, ಕೆಂಪು ತೆಗೀರಿ

ಹೊಸ ಕಾರ್ಬನ್ ಸ್ಟೀಲ್ (ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯುವ ಉಕ್ಕಿನ) ಚಾಕುವನ್ನು ಜನ ಹಾಳು ಮಾಡುವುದು ಹೆಚ್ಚಿ ಅಲ್ಲ, ತಿಕ್ಕಿ. ಮಾವಿನಕಾಯಿ ಹೆಚ್ಚಿದ ಹತ್ತೇ ನಿಮಿಷಕ್ಕೆ ಅಲಗಿನ ಮೇಲೆ ಬೂದು ಬಣ್ಣದ ಮಚ್ಚೆ ಬೀಳುತ್ತದೆ. ಬಾಳೆದಿಂಡು ಕೊಯ್ದರೆ ಇನ್ನೂ ಕಪ್ಪು. ಅಷ್ಟಕ್ಕೇ "ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟ" ಅಂತ ಶುರು. ಸ್ಕ್ರಬ್ಬರ್ ಹಿಡಿದು ಫಳಫಳ ಅನ್ನುವ ತನಕ ಉಜ್ಜುತ್ತಾರೆ. ಮಾರನೇ ದಿನ ಮತ್ತೆ ಮಚ್ಚೆ, ಮತ್ತೆ ಉಜ್ಜಾಟ.

ಸ್ಟೇನ್‌ಲೆಸ್ ಬಂದ ಮೇಲೆ ನಮಗೆ ಈ ಅಭ್ಯಾಸ ಅಂಟಿಕೊಂಡಿದೆ. ಅದರಲ್ಲಿ ನೂರಕ್ಕೆ ಕನಿಷ್ಠ 10.5ರಷ್ಟು ಕ್ರೋಮಿಯಂ ಇರುತ್ತದೆ. ಗಾಳಿ ಸೋಕಿದ ಕೂಡಲೇ ಆ ಕ್ರೋಮಿಯಂ ಕಣ್ಣಿಗೆ ಕಾಣದ ಪೊರೆ ಕಟ್ಟಿ ಕಬ್ಬಿಣವನ್ನು ಕಾಯುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಿದ್ದ. ಸಿಕ್ಕಿದ್ದು ಊಟದ ಮೇಜಿನ ಚಾಕುವಿಗೆ ಹೇಳಿಮಾಡಿಸಿದ ಲೋಹ. ಅದಕ್ಕೆ ಮುಂಚೆ ಉಕ್ಕಿನ ಚಾಕು ಅಂದರೆ ಕಪ್ಪಾಗುವ ಚಾಕುವೇ. ಕಮ್ಮಾರ ಬಡಿದು ಕೊಟ್ಟ ಈಳಿಗೆಮಣೆಯ ಅಲಗು ಕಪ್ಪಗಿದೆ ಅಂತ ನಮ್ಮ ಅಜ್ಜಿಯರು ಯಾವತ್ತೂ ತಕರಾರು ತೆಗೆದವರಲ್ಲ.

ಆ ಕಪ್ಪು ಕೊಳೆ ಅಲ್ಲ. ಮಾವಿನಕಾಯಿ, ಬಾಳೆಹೂವು, ಬಾಳೆದಿಂಡುಗಳಲ್ಲಿ ಬಾಯಿ ಒಗರು ಮಾಡುವ ಟ್ಯಾನಿನ್ ಇದೆ. ಹುಳಿ ರಸ ಸ್ವಲ್ಪ ಕಬ್ಬಿಣವನ್ನು ಕರಗಿಸುತ್ತದೆ, ಟ್ಯಾನಿನ್ ಅದನ್ನು ಹಿಡಿದುಕೊಂಡು ನೀಲಿಗಪ್ಪಾಗುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಹುಟ್ಟುವುದೂ ಹೀಗೇ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಲ್ಲಿ ದಿನಗಟ್ಟಲೆ ಕೊಳೆಸುತ್ತಾರೆ. ಅಣಲೆಕಾಯಿ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಗೆ ಆ ನೀರು ತಾಗಿದ್ದೇ ತಡ, ಕಪ್ಪು. ಯುರೋಪಿನವರು ಓಕ್ ಮರದ ಗಂಟುಕಾಯಿಗೆ ಕಬ್ಬಿಣದ ಲವಣ ಬೆರೆಸಿ ನೂರಾರು ವರ್ಷ ಇದೇ ಶಾಯಿಯಲ್ಲಿ ಬರೆದರು. ಅಂದರೆ ನಿಮ್ಮ ಚಾಕುವಿನ ಮೇಲೆ ಕೂತಿರುವುದು ಬಹುಪಾಲು ಶಾಯಿ, ಜೊತೆಗೊಂದಿಷ್ಟು ಕಬ್ಬಿಣದ ಆಕ್ಸೈಡ್. ವಿಷ ಅಲ್ಲ. ಕೆಲವು ಕಡೆ ನವಿಲುಗರಿಯ ನೀಲಿ, ನೇರಳೆ ಕಂಡರೂ ಗಾಬರಿ ಬೇಡ. ಪೊರೆ ಅಷ್ಟು ತೆಳ್ಳಗಿದೆ ಅಂತ ಅರ್ಥ. ಪೊರೆ ದಟ್ಟವಾದಷ್ಟೂ ಈರುಳ್ಳಿಗೆ ಕಪ್ಪು ಮೆತ್ತುವುದು, ಹಣ್ಣಿಗೆ ಕಬ್ಬಿಣದ ವಾಸನೆ ಬರುವುದು ಕಮ್ಮಿಯಾಗುತ್ತದೆ.

ದೆಹಲಿಯ ಕಬ್ಬಿಣದ ಕಂಬಕ್ಕೆ 1600 ವರ್ಷವಾದರೂ ತುಕ್ಕೇ ಹಿಡಿದಿಲ್ಲ, ಪವಾಡ ನೋಡಿ ಅಂತ ವಾಟ್ಸಾಪಿನಲ್ಲಿ ಬರುತ್ತಲ್ವಾ? ತುಕ್ಕು ಹಿಡಿದಿದೆ ಸ್ವಾಮಿ. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇದೆ, ಅದರಿಂದಾಗಿ ತುಕ್ಕಿನ ಪದರ ಬಿಗಿಯಾಗಿ ಕೂತು ಒಳಗಿನದನ್ನು ಕಾಯುತ್ತಿದೆ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಇದನ್ನು ವರ್ಷಗಟ್ಟಲೆ ಕೂತು ಬಿಡಿಸಿಟ್ಟರು. ಪವಾಡಕ್ಕಿಂತ ಇದೇ ಚೆನ್ನಾಗಿದೆ ಅನ್ನಿಸುತ್ತದೆ ನನಗೆ.

ಚಾಕುವಿನ ಕೆಂಪು ತುಕ್ಕಿಗೆ ಆ ಬಿಗಿ ಇಲ್ಲ. ಅದು ಉಬ್ಬುತ್ತದೆ, ಪುಡಿಪುಡಿಯಾಗುತ್ತದೆ, ಸಂದಿನಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದು ಶುರುವಾಗುವ ರೀತಿ ಮಾತ್ರ ಬಲು ಮಜವಾಗಿದೆ. ತೊಳೆದಿಟ್ಟ ಚಾಕುವಿನ ಮೇಲೆ ಒಂದು ಹನಿ ನೀರು ಉಳಿದಿದೆ ಅನ್ನಿ. ಹನಿಯ ಅಂಚು ತೆಳ್ಳಗಿರುತ್ತದೆ, ಅಲ್ಲಿಗೆ ಗಾಳಿಯ ಆಮ್ಲಜನಕ ಸಲೀಸಾಗಿ ಇಳಿಯುತ್ತದೆ. ನಡುವೆ ನೀರು ದಪ್ಪ, ಅಲ್ಲಿ ಆಮ್ಲಜನಕಕ್ಕೆ ಬರ. ಹಾಗಾದರೆ ತುಕ್ಕು ತಿನ್ನುವುದು ಅಂಚನ್ನೇ ಅಲ್ವಾ? ಅಲ್ಲ! ನಡುವಿನ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಕರಗುತ್ತದೆ. ಆ ಎಲೆಕ್ಟ್ರಾನ್‌ಗಳು ಲೋಹದೊಳಗೇ ಅಂಚಿನ ಕಡೆ ಹರಿದು, ಅಲ್ಲಿನ ಆಮ್ಲಜನಕದ ಜೊತೆ ಸೇರುತ್ತವೆ. ಒಂದು ಹನಿ ಅಂದರೆ ಒಂದು ಪುಟ್ಟ ಬ್ಯಾಟರಿ. ನಡುವಿನಿಂದ ಬಂದದ್ದು, ಅಂಚಿನಿಂದ ಬಂದದ್ದು ಎರಡೂ ಎದುರಾಗುವ ಕಡೆ ಬಳೆಯ ಹಾಗೆ ಕೆಂಪು ಉಂಗುರ ಕಟ್ಟುತ್ತದೆ.

1920ರ ದಶಕದಲ್ಲಿ ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಉಪ್ಪುನೀರಿನ ಹನಿಗೆ ಎರಡು ಬಣ್ಣ ತೋರಿಸುವ ರಾಸಾಯನಿಕ ಬೆರೆಸಿ ಉಕ್ಕಿನ ಮೇಲೆ ಬಿಟ್ಟರು. ಕಬ್ಬಿಣ ಕರಗುವ ನಡುಭಾಗ ನೀಲಿಯಾಯಿತು, ಕ್ಷಾರ ಹುಟ್ಟುವ ಅಂಚು ಗುಲಾಬಿಯಾಯಿತು. ನೀರಿನಲ್ಲಿ ಉಪ್ಪಿದ್ದರೆ ಈ ಬ್ಯಾಟರಿ ಜೋರಾಗಿ ಓಡುತ್ತದೆ. ಬೆವರಿನ ಬೆರಳು ತಾಗಿದ ಕಡೆ ಕೆಂಪು ಮೂಡುವುದು ಅದಕ್ಕೇ. ಆಯುಧಪೂಜೆಯ ಮರುದಿನ ಚಾಕುವಿಗಿಟ್ಟ ಕುಂಕುಮ ಒರೆಸಿ ನೋಡಿ. ಒದ್ದೆ ಕುಂಕುಮ ರಾತ್ರಿಯಿಡೀ ಕೂತ ಜಾಗದಲ್ಲಿ ತುಕ್ಕಿನ ಬೊಟ್ಟು ಸಿಗುತ್ತದೆ. ಶನಿವಾರ ಕಬ್ಬಿಣ ತಂದದ್ದಕ್ಕೆ ಹೀಗಾಯ್ತು ಅಂತ ಯಾರಾದರೂ ಹೇಳಿದರೆ, ಸೋಮವಾರ ತಂದ ಚಾಕುವಿನ ಮೇಲೂ ಒಂದು ಹನಿ ಉಪ್ಪುನೀರು ಬಿಟ್ಟು ತೋರಿಸಿ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆ ಅನ್ನುವುದೂ ಇಂಥದ್ದೇ ಮಾತು. ಆ ಕಾಯಿಲೆ ತರುವ ಬ್ಯಾಕ್ಟೀರಿಯಾ ಮಣ್ಣು, ಸಗಣಿಯಲ್ಲಿರುತ್ತದೆ. ತುಕ್ಕು ಹಿಡಿದ ಮೊಳೆ ಸಾಮಾನ್ಯವಾಗಿ ಮಣ್ಣಲ್ಲಿ ಬಿದ್ದಿರುತ್ತದೆ, ಅಷ್ಟೇ.

ಈಗ ನಿಮ್ಮ ಚಾಕುವಿನ ಮೇಲಿರುವ ಕಲೆ ಯಾವುದು ಅಂತ ತಿಳಿಯಬೇಕಾ? ಒದ್ದೆ ಬಿಳಿ ಬಟ್ಟೆ ಹಿಡಿದು ಅಲಗಿನ ಬೆನ್ನಿನ ಕಡೆಯಿಂದ ಒರೆಸಿ. ಬಟ್ಟೆಗೆ ಏನೂ ಹತ್ತದಿದ್ದರೆ ಬಿಟ್ಟುಬಿಡಿ. ಕಾವಿ ಬಣ್ಣ ಹತ್ತಿದರೆ ಅಡುಗೆಸೋಡಾಕ್ಕೆ ಎರಡು ಹನಿ ನೀರು ಕಲಸಿ, ಆ ಜಾಗಕ್ಕೆ ಮಾತ್ರ, ಅಲಗಿನ ಉದ್ದಕ್ಕೆ ಉಜ್ಜಿ. ಹುಣಸೆಹಣ್ಣು ಇನ್ನೂ ಬೇಗ ತೆಗೆಯುತ್ತದೆ, ಆದರೆ ಅದರ ಹುಳಿ ಒಳ್ಳೆಯ ಕಪ್ಪನ್ನೂ ತಿಂದುಹಾಕುತ್ತದೆ. ಆಮೇಲೆ ತೊಳೆದು, ಆ ಕ್ಷಣವೇ ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿಎಣ್ಣೆ ಸವರಿ. ಚಾಕು ಸ್ಟ್ಯಾಂಡಿನಲ್ಲಿ ತಾನೇ ಒಣಗಲಿ ಅಂತ ಬಿಡಬೇಡಿ.

ತುಕ್ಕು ಹೋದ ಮೇಲೆ ಉಗುರಿಗೆ ಸಣ್ಣ ಗುಳಿ ಸಿಕ್ಕರೆ ಅದು ಹನಿಯ ನಡುಭಾಗ ಕರಗಿದ ಗುರುತು. ಅಲಗಿನ ಮೈಮೇಲಿದ್ದರೆ ಇದ್ದುಕೊಳ್ಳಲಿ. ಬಾಯಂಚಿನಲ್ಲೇ ಇದ್ದರೆ ಮಾತ್ರ ಗುಳಿ ಸವೆದುಹೋಗುವ ತನಕ ಸಾಣೆಕಲ್ಲಿಗೆ ಹಿಡಿಯಬೇಕು.